ಗಾಣದ ದಾರಿ

2023ರ ರಜೆಗೆ ಬಹರೈನ್‌ನಿಂದ ತಿಪಟೂರು ಬಳಿಯ ನಮ್ಮ ಊರಿಗೆ ಹೋದಾಗ ಭಾವನವರ ಎಣ್ಣೆ ಗಾಣ ವಾರಕ್ಕೆ ಎರಡೇ ದಿನ ತಿರುಗುತ್ತಿತ್ತು. ಮುಚ್ಚಿ ಬೆಂಗಳೂರಿಗೆ ಹೋಗುವ ಮಾತು ನಡೆದಿತ್ತು. ಕೊಬ್ಬರಿಯ ಸೀಮೆಯಲ್ಲೇ ಕೊಬ್ಬರಿ ಎಣ್ಣೆಗೆ ಗಿರಾಕಿ ಇಲ್ಲವೆಂದರೆ!

ನಾವು ಉತ್ಸಾಹದಿಂದ ಗಾಣವನ್ನು ಗೂಗಲ್ ನಕ್ಷೆಗೆ ಸೇರಿಸಿದೆವು. ವಿಡಿಯೊ ಕಳಿಸಿ ದೃಢಪಡಿಸಿದ್ದೂ ಆಯಿತು. ಯಾರೂ ಬರಲಿಲ್ಲ. ಕನ್ನಡ ಕಲಿಸುವ ನಾವೇ ಇಂಗ್ಲಿಷಿನಲ್ಲಿ 'ಕೋಲ್ಡ್ ಪ್ರೆಸ್ಡ್ ಆಯಿಲ್' ಎಂದು ಬರೆದಿದ್ದೆವು. ಗುರುತು ಬೇರೆ ಕೆರೆಯ ಆಚೆ ದಡದಲ್ಲಿ ಬಿದ್ದಿತ್ತು! "ಇಲ್ಲಿಯವರು ಗಾಣದ ಎಣ್ಣೆ ಅಂತಾರಲ್ಲ ಅಮ್ಮ?" ಎಂದಳು ಮಗಳು.

ಎರಡೂ ಲಿಪಿಯಲ್ಲಿ ಹಾಗೆಯೇ ತಿದ್ದಿ, ಗುರುತನ್ನು ಬಾಗಿಲಿಗೇ ತಂದು, ತೆರೆದಿರುವ ವೇಳೆ, ಫೋನ್ ನಂಬರ್ ಹಾಕಿದೆವು. ಫೋನ್ ನೋಡದ ಅಜ್ಜಿಯರಿಗಾಗಿ ಬಸ್ ನಿಲ್ದಾಣದ ಬಳಿ ಒಂದು ಬೋರ್ಡು.

ಹೊರಡುವ ಹಿಂದಿನ ದಿನ ಪಕ್ಕದ ಊರಿನವರೊಬ್ಬರು ಕೊಬ್ಬರಿ ಮೂಟೆ ತಂದಿಳಿಸಿದರು. "ಇಷ್ಟು ಹತ್ತಿರ ಗಾಣ ಇದೆಯೆಂದೇ ಗೊತ್ತಿರಲಿಲ್ಲ" ಎಂದರು. ಭಾವ ಮಾತಾಡದೆ ಗಾಣ ತೊಳೆಯಲು ಎದ್ದರು.