ತೋಪು ಪಿಕ್ಚರ್‌ಗೆ ಹೌಸ್‌ಫುಲ್!

ನೂರು ದಿನ ಓಡಿದ ಚಿತ್ರಕ್ಕೆ ಸೀಟಿ ಹೊಡೆಯುವುದೇನು ಮಹಾ? ಮೂರೇ ದಿನಕ್ಕೆ ಎತ್ತಂಗಡಿಯಾದ ಚಿತ್ರಕ್ಕೆ ಇಡೀ ಊರು ಸೀಟಿ ಹೊಡೆದದ್ದನ್ನು ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಹೊಡೆಸಿದವರಲ್ಲಿ ನಾನೂ ಒಬ್ಬ!

ಅದು 2015ರ ಗಣೇಶನ ಹಬ್ಬ. ಜಾಗ, ನಂಜನಗೂಡು ತಾಲ್ಲೂಕಿನ ನಮ್ಮ ಚಿಕ್ಕಯ್ಯನಛತ್ರ ಹೋಬಳಿ. (ಹೆಸರಿನಲ್ಲಿ ಛತ್ರ ಇದೆ ಅಂತ ಊಟದ ಎಲೆ ಹುಡುಕಿಕೊಂಡು ಬರಬೇಡಿ ಮಿತ್ರರೇ, ನಿರಾಸೆಯಾದೀತು.) ಪೆಂಡಾಲಿನ ಮುಂದೆ ಮೈಸೂರಿನ ಆರ್ಕೆಸ್ಟ್ರಾ. ಆರ್ಕೆಸ್ಟ್ರಾ ಅಂದಮೇಲೆ ಹಾಡುವವರಿಗೆ ಗಂಟಲು ಆರುತ್ತದೆ, ಕೀಬೋರ್ಡಿನವನಿಗೆ ಟೀ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಜನ ಎದ್ದು ಹೋಗದ ಹಾಗೆ ಹಿಡಿದು ಕೂರಿಸಲು ಒಬ್ಬ ಮಿಮಿಕ್ರಿಯವನು ಬೇಕೇ ಬೇಕು. ಆ ವರ್ಷ ಬರಬೇಕಿದ್ದ ಮಿಮಿಕ್ರಿಯವನು ಕೈಕೊಟ್ಟ. ಹಬ್ಬದ ಯಜಮಾನರು ನಮ್ಮ ಕಡೆ ತಿರುಗಿ, "ಏನ್ರಲಾ, ದಿನಾ ಅರಳಿಕಟ್ಟೆ ಮೇಲೆ ಕೂತ್ಕಂಡು ಕಿಸಿತೀರಲ್ಲ, ಅದ್ನೇ ಬಂದು ಸ್ಟೇಜ್ ಮೇಲೆ ಕಿಸೀರಿ" ಅಂದರು.

ನಾವು ಅಂದರೆ ಮೂವರು. ಒಬ್ಬ ಕಟಿಂಗ್ ಶಾಪಿನ ಹುಡುಗ, ಇನ್ನೊಬ್ಬ ಗಾರೆ ಕೆಲಸದವನು, ಮೂರನೆಯವನು ದ್ವಿತೀಯ ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು ಮನೆಯಲ್ಲಿ ಮೂರು ಹೊತ್ತೂ ಬೈಸಿಕೊಳ್ಳುತ್ತಿದ್ದ ನಾನು. ನಿಜವಾದ ಮಿಮಿಕ್ರಿ ನಮಗೆ ಬರುತ್ತಿರಲಿಲ್ಲ. ವಜ್ರಮುನಿಯವರ ನಗು, ಟೈಗರ್ ಪ್ರಭಾಕರ್ ಅವರ ದನಿ, 1972ರ 'ನಾಗರಹಾವು' ಚಿತ್ರದ ಜಲೀಲನ ಠೀವಿ... ಇವೆಲ್ಲ ಗಂಟಲಿದ್ದವರ ವಿದ್ಯೆ. ಮಿಮಿಕ್ರಿ ದಯಾನಂದ್ ಅವರಿಗೆ ಹೆಸರಿನ ಮುಂದೆಯೇ ಆ ಕಲೆ ಅಂಟಿಕೊಂಡಿತಲ್ಲ, ಅಂಥವರ ಮುಂದೆ ನಾವು ಕೆಮ್ಮಿದರೂ ತಪ್ಪು. ನಮಗೆ ಬರುತ್ತಿದ್ದದ್ದು ಒಂದೇ. ಕೆಟ್ಟ ಚಿತ್ರ ಎಲ್ಲಿ ಕೆಟ್ಟಿತು ಅಂತ ತೋರಿಸುವುದು.

ಇದು ಸುಲಭ ಅಂದುಕೊಳ್ಳಬೇಡಿ. ಖಳನಾಯಕನ ಮುಖಕ್ಕೆ ಕೈ ತಾಗುವುದಕ್ಕೆ ಮುಂಚೆಯೇ 'ಡಿಶುಂ' ಬರಬೇಕು. ನಾಯಕಿ ಬಾಯಿ ಮುಚ್ಚಿದ ಮೇಲೆ ಅವಳ ಕೊನೆಯ ಮಾತು ಕೇಳಿಸಬೇಕು. ಮಳೆಯ ಹಾಡಿನಲ್ಲಿ ನಾಯಕ ಒಬ್ಬನೇ ನೆನೆಯಬೇಕು, ಹಿಂದಿನ ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುವವನು ಒಣಗಿರಬೇಕು. ಒಬ್ಬ ನಟಿಸುತ್ತಾನೆ, ಒಬ್ಬ ಬಾಯಲ್ಲೇ ಹಿನ್ನೆಲೆ ಸಂಗೀತ ಕೊಡುತ್ತಾನೆ, ನಾನು ಗಾಂಧಿ ಕ್ಲಾಸಿನ ಪ್ರೇಕ್ಷಕನಾಗಿ ಸ್ಟೇಜಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಾಮೆಂಟು ಹೊಡೆಯುತ್ತೇನೆ. ಇದಿಷ್ಟಕ್ಕೂ ಲೆಕ್ಕ ಬೇಕು ಸ್ವಾಮಿ. 'ಡಿಶುಂ' ಅರ್ಧ ಕ್ಷಣ ಹೆಚ್ಚು ಕಮ್ಮಿಯಾದರೆ ನಗೆಯೇ ಇಲ್ಲ!

ಒಂದು ಕಟ್ಟುಪಾಡು ಮಾತ್ರ ಇತ್ತು. ಅಣ್ಣಾವ್ರನ್ನು ಮುಟ್ಟುವಂತಿಲ್ಲ. ಡಾ. ರಾಜ್ ದನಿ ಮಾಡಿದರೆ ಭಕ್ತಿಯಿಂದ ಮಾಡಬೇಕು, ಮಾಡಿ ಕೈ ಮುಗಿಯಬೇಕು. ಅವರು ತೀರಿಕೊಂಡದ್ದು 2006ರಲ್ಲಿ, ಆಗ ನಾವು ಚಡ್ಡಿ ಹಾಕುತ್ತಿದ್ದ ಹುಡುಗರು. ಆದರೂ ಈ ಕಟ್ಟುಪಾಡನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಕಡೆಯ ಜನಕ್ಕೆ ಈ ಗೇಲಿ ಹೊಸದೂ ಅಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡಿಸುವುದು ನಿಮಗೆ ಗೊತ್ತೇ ಇದೆ. ಡ್ರಾಮಾ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಹಾರ್ಮೋನಿಯಂ ಹಿಡಿದು ಕಲಿಸುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿದವನೇ ಕೃಷ್ಣ, ಕಟ್ಟಿದವನೇ ಭೀಮ. ಗದೆ ಎತ್ತಲಾಗದ ಭೀಮ ಬಂದರೆ ಚಾಪೆ ಮೇಲಿಂದಲೇ ಕೂಗು ಬೀಳುತ್ತದೆ, "ಲೋ, ಮೊದ್ಲು ಮುದ್ದೆ ಉಣ್ಣಾಕೇಳ್ರಲಾ!" ಆ ಭೀಮ ಬೆಳಗಾದರೆ ಅದೇ ಜನರ ಜೊತೆ ಹೊಲದಲ್ಲಿ ಇರುತ್ತಾನೆ. ಯಾರಿಗೂ ಬೇಜಾರಿಲ್ಲ. ಯಾಕೆಂದರೆ ಮುಂದಿನ ವರ್ಷ ಕೂಗಿದವನೇ ಭೀಮನಾಗಬಹುದು!

ಈಗ ಆ ಮೂರು ದಿನದ ಚಿತ್ರಕ್ಕೆ ಬರೋಣ. ಹೆಸರು ಬೇಡ, ಪಾಪ. ನಮ್ಮ ಕಪಿಲೆಯ ದಡದಲ್ಲೇ ಒಂದಷ್ಟು ಚಿತ್ರೀಕರಣವಾಗಿತ್ತು ಅನ್ನುವ ಅಭಿಮಾನಕ್ಕೆ ಮೈಸೂರಿಗೆ ಹೋಗಿ ನೋಡಿದೆವು. ಇಡೀ ಟಾಕೀಸಿನಲ್ಲಿ ಹನ್ನೊಂದು ಜನ, ಅದರಲ್ಲಿ ಮೂವರು ನಾವು. ಇಂಟರ್‌ವಲ್ ಹೊತ್ತಿಗೆ ನಗು ತಡೆಯಲಾಗದೆ ಕಟಿಂಗ್ ಶಾಪಿನವನಿಗೆ ಬಿಕ್ಕಳಿಕೆ ಬಂತು. ಮಾರನೆಯ ದಿನ ಮತ್ತೆ ಟಿಕೆಟ್ ತಗೊಂಡು ಹೋದೆವು, ಈ ಸಲ ನೋಟ್‌ಬುಕ್ ಸಮೇತ. ಆ ಚಿತ್ರವನ್ನು ದುಡ್ಡು ಕೊಟ್ಟು ಎರಡು ಸಲ ನೋಡಿದವರು ಕರ್ನಾಟಕದಲ್ಲಿ ನಾವು ಮೂವರೇ ಇರಬೇಕು!

ಅದರ ಕ್ಲೈಮ್ಯಾಕ್ಸಿನಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಬರುತ್ತಾನೆ. ಎಲ್ಲ ಮುಗಿದ ಮೇಲೆ ಬರುತ್ತಾನೆ, ಅದು ಪೊಲೀಸರ ಸಂಪ್ರದಾಯ ಬಿಡಿ. ಅಂಟಿಸಿದ ಮೀಸೆ, ಕಪ್ಪು ಕನ್ನಡಕ, ಕಿವಿವರೆಗೂ ಇಳಿದ ಟೋಪಿ. "ನಿಲ್ಲಿ! ನಿಮ್ಮೆಲ್ಲರನ್ನೂ ಕಾನೂನು ಸುತ್ತುವರಿದಿದೆ!" ಅನ್ನುತ್ತಾನೆ. ದನಿ ಮಾತ್ರ ಮೀಸೆ ಬಾರದ ಹುಡುಗನದು. ಅಂದವನು ಸುಮ್ಮನಿರದೆ ಕೋಳಿ ಹಾಗೆ ಕತ್ತನ್ನು ಎಡಕ್ಕೆ ಹೊರಳಿಸಿ ಯಾರನ್ನೋ ಕಾಯುತ್ತಾ ನಿಲ್ಲುತ್ತಾನೆ. ಆ ಎಡಗಡೆ ನೋಟವನ್ನು ಯಾಕೆ ಕತ್ತರಿಸಲಿಲ್ಲವೋ ಸಂಕಲನಕಾರನೇ ಬಲ್ಲ.

ಗಣೇಶನ ಮುಂದೆ ನಾವು ಅದನ್ನೇ ಹಿಡಿದುಕೊಂಡೆವು. ಗಾರೆಯವನು ಇನ್ಸ್‌ಪೆಕ್ಟರ್. ಒಂದು ಸಲ ಕತ್ತು ಎಡಕ್ಕೆ ಹೊರಳಿಸಿದ, ಜನ ನಕ್ಕರು. ನಾನು ಮೂಲೆಯಿಂದ "ಬಸ್ಸು ಬಲಗಡೆಯಿಂದ ಬತ್ತದೆ ಸಾರ್!" ಅಂದೆ. ಪೆಂಡಾಲ್ ಹಾರಿಹೋಗುವಷ್ಟು ನಗು! ಒನ್ಸ್ ಮೋರ್, ಒನ್ಸ್ ಮೋರ್! ನಾಲ್ಕು ಸಲ ಮಾಡಿಸಿದರು. ನನ್ನ ಜೀವನದ ಮೊದಲ ಚಪ್ಪಾಳೆ ಅದು. ಪಿಯುಸಿ ಬಿಟ್ಟದ್ದು ಸಾರ್ಥಕವಾಯಿತು ಅನ್ನಿಸಿಬಿಟ್ಟಿತು, ಸುಳ್ಳು ಹೇಳುವುದಿಲ್ಲ.

ಎಲ್ಲ ಮುಗಿದು ಮೈಕಿನ ವೈರು ಸುತ್ತುವಾಗ ಪಕ್ಕದೂರಿನ ಡ್ರಾಮಾ ಮೇಷ್ಟ್ರು ಸ್ಟೇಜಿನ ಹಿಂದೆ ಬಂದು ನಿಂತರು. ಎಪ್ಪತ್ತರ ಹತ್ತಿರದ ವಯಸ್ಸು. ಒಂದು ಕಾಲದಲ್ಲಿ ಸುತ್ತ ಹತ್ತು ಹಳ್ಳಿಗೆ ಅವರೇ ದುರ್ಯೋಧನ, ನಮ್ಮಪ್ಪನಿಗೆ ವಿದುರನ ಪಾತ್ರ ಕಲಿಸಿದವರೂ ಅವರೇ. ಮೈಕಿಲ್ಲದೆ ಕೊನೆಯ ಚಾಪೆಗೆ ಮುಟ್ಟುವ ದನಿ.

"ಚೆನ್ನಾಗ್ ಮಾಡುದ್ರಿ ಕೂಸೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ದನಿ ಮಾತ್ರ ನಂದಲ್ಲ" ಅಂದರು.

ನನಗೆ ಅರ್ಥವಾಗಲೇ ಒಂದು ನಿಮಿಷ ಬೇಕಾಯಿತು. ಆಮೇಲೆ ಕಾಲ ಕೆಳಗಿನ ಹಲಗೆ ಕುಸಿದ ಹಾಗಾಯಿತು.

ಇನ್ಸ್‌ಪೆಕ್ಟರ್ ಅವರೇ! ಟೋಪಿ, ಕನ್ನಡಕ, ಮೀಸೆಯ ಹಿಂದೆ ನಮಗೆ ಗುರುತೇ ಸಿಕ್ಕಿರಲಿಲ್ಲ. ಅವರನ್ನು ನಾವು ದನಿಯಿಂದ ಬಲ್ಲವರು, ಆ ದನಿಯನ್ನೇ ಚಿತ್ರದವರು ಕಿತ್ತು ಬೇರೆ ಯಾರದೋ ಅಂಟಿಸಿದ್ದರು. ಪಾತ್ರಕ್ಕೆ ಅಂತ 30,000 ರೂಪಾಯಿ ಕಟ್ಟಿಸಿಕೊಂಡಿದ್ದರಂತೆ. ಮೇಷ್ಟ್ರಿಗೆ ಅದು ಮೋಸ ಅಂತಲೇ ತೋರಿರಲಿಲ್ಲ. ನಾಟಕದಲ್ಲಿ ಪಾತ್ರಕ್ಕೆ ದುಡ್ಡು ಕಟ್ಟುವುದು ಉಂಟಲ್ಲ, ಸಿನಿಮಾದಲ್ಲೂ ಹಾಗೇ ಅಂದುಕೊಂಡು ಹಸು ಮಾರಿ ಕಟ್ಟಿದ್ದರು. ಹರೆಯದಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಗೇಟಿನ ಹೊರಗೆ ನಿಂತು ತಾರೆಯರ ಕಾರು ನೋಡಿಕೊಂಡು ಬಂದವರು ಅವರು. ಆ ಸ್ಟುಡಿಯೋ 1989ರ ಫೆಬ್ರವರಿಯಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿಗೆ ಸಿಕ್ಕಿ 62 ಜನ ಸತ್ತರಲ್ಲ, ಆಗಲೂ ಇವರ ಆಸೆ ಮಾತ್ರ ಸುಟ್ಟಿರಲಿಲ್ಲ. ಬಿಡುಗಡೆಯಾದ ಮೇಲೆ ಊರಿಗೆಲ್ಲ ಹೇಳೋಣ ಅಂತ ಗುಟ್ಟಾಗಿ ಇಟ್ಟಿದ್ದರು. ಆಮೇಲೆ ಹೇಳಲು ಏನು ಉಳಿದಿತ್ತು?

"ಮತ್ತೆ ಆ ಎಡಗಡೆ..." ಅಂತ ಗಾರೆಯವನು ಕೇಳಿಯೇಬಿಟ್ಟ.

"ನಾನು ಪಾತ್ರ ಮಾಡ್ದಾಗ್ಲೆಲ್ಲ ಹಾರ್ಮೋನಿಯಂ ಪೆಟ್ಗೆ ಎಡಕ್ಕಿರ್ತಿತ್ತು ಕೂಸೇ. ಮಾತು ಮುಗೀತು, ಇನ್ನು ಶ್ರುತಿ ಬತ್ತದೆ ಅಂತ ಕಾಯ್ತಿದ್ದೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮೈಸೂರಿನಲ್ಲೇ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಝಾಡಿಸಿದ್ದು ಕುರ್ಚಿಯಲ್ಲಿ ಕೂತವರನ್ನು. ನಾವು ಝಾಡಿಸಿದ್ದು ಯಾರನ್ನು? ದುಡ್ಡು ತಿಂದವನು ಎಲ್ಲಿದ್ದನೋ, ಎಡಗಡೆ ನೋಡಿದವರು ಎರಡನೇ ಸಾಲಿನಲ್ಲಿ ಕೂತಿದ್ದರು.

ಈಗ ನಾಲ್ಕಾರು ಪತ್ರಿಕೆಗೆ ಬರೆದು ಹೊಟ್ಟೆ ಹೊರೆಯುವ ಕಾಲದಲ್ಲಿ ಓದಿ ತಿಳಿದದ್ದು ಒಂದಿದೆ. ಅಮೆರಿಕದಲ್ಲಿ ಈ ಕೆಟ್ಟ ಚಿತ್ರದ ಗೇಲಿಯೇ ದೊಡ್ಡ ವ್ಯಾಪಾರ! 1988ರಲ್ಲಿ ಮಿನಿಯಾಪೊಲಿಸ್ ಕಡೆಯ ಒಂದು ಸಣ್ಣ ಟೀವಿ ಚಾನೆಲ್ಲಿನಲ್ಲಿ 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಅಂತ ಶುರುವಾಯಿತು. ಒಬ್ಬ ಮನುಷ್ಯ, ಜೊತೆಗೆ ಯಂತ್ರದ ಗೊಂಬೆಗಳು, ಡಬ್ಬಾ ಚಿತ್ರ ನೋಡುತ್ತಾ ಕಾಮೆಂಟು ಹೊಡೆಯುವುದು, ಅಷ್ಟೇ. ಅದರಲ್ಲಿದ್ದವರೇ ಮೂವರು 2009ರ ಆಗಸ್ಟ್‌ನಲ್ಲಿ ಸ್ಟೇಜ್ ಮೇಲೆ ನಿಂತು 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಚಿತ್ರವನ್ನು ಆಡಿಕೊಂಡರು. ಅದು ಆ ದೇಶದ ನೂರಾರು ಟಾಕೀಸುಗಳಿಗೆ ನೇರಪ್ರಸಾರವಾಯಿತು! ಆ ಚಿತ್ರ ತೆಗೆದವನು ಎಡ್ ವುಡ್. ಅವನು ಕಡುಬಡತನದಲ್ಲಿ ಸತ್ತದ್ದು 1978ರ ಡಿಸೆಂಬರ್‌ನಲ್ಲಿ. ಅವನು ಜಗತ್ತಿನಲ್ಲೇ ಅತಿ ಕೆಟ್ಟ ನಿರ್ದೇಶಕ ಅಂತ ಪುಸ್ತಕವೊಂದು ಬಿರುದು ಕೊಟ್ಟದ್ದು 1980ರಲ್ಲಿ. ಜನ ಅವನ ಚಿತ್ರಕ್ಕೆ ಮುಗಿಬಿದ್ದದ್ದು ಆಮೇಲೆ. ಆ ನಗು ಅವನ ಕಿವಿಗೆ ಬೀಳಲೇ ಇಲ್ಲ.

ನಮ್ಮ ಮೇಷ್ಟ್ರ ಕಿವಿಗೆ ಬಿದ್ದಿತ್ತು. ಅದೇ ನಮಗೆ ಸಂಕಟ.

ನಮ್ಮ ಆಟ ಊರೂರಿಗೆ ಹಬ್ಬಿ, ಆ ನವೆಂಬರ್‌ನಲ್ಲಿ ತಿ. ನರಸೀಪುರದ ಕಡೆಯ ಒಂದು ಹಳ್ಳಿಯವರು ರಾಜ್ಯೋತ್ಸವಕ್ಕೆ ಕರೆದರು. 1,500 ರೂಪಾಯಿ, ಊಟ. ಇನ್ಸ್‌ಪೆಕ್ಟರನ್ನು ಕೈಬಿಡುವುದು ಅಂತ ತೀರ್ಮಾನಿಸಿ, ಹಾಗಂತ ಹೇಳಲು ಮೇಷ್ಟ್ರ ಮನೆಗೆ ಹೋದೆವು. ಅವರು ಎಲೆ ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಅಂದರು. "ತಗೀಬ್ಯಾಡಿ. ನಾನೇ ಮಾಡ್ತೀನಿ."

ಬೇಡ ಅನ್ನುವ ಧೈರ್ಯ ಯಾರಿಗಿತ್ತು?

ಆ ಊರಿನಲ್ಲಿ ಅವರನ್ನು ಯಾರೂ ಅರಿಯರು. ದೊಗಳೆ ಖಾಕಿ ಅಂಗಿ, ಟೋಪಿ ಹಾಕಿ ಮುದುಕರೊಬ್ಬರು ಬಂದ ಕೂಡಲೇ ಹುಡುಗರು ಕಿಸಿಯಲು ಶುರು ಮಾಡಿದರು. ನಾನು ಮೂಲೆಯಲ್ಲಿ ಕೂತು ಕೈ ಹಿಸುಕಿಕೊಳ್ಳುತ್ತಿದ್ದೆ. ಮೇಷ್ಟ್ರು ಮೈಕನ್ನು ಪಕ್ಕಕ್ಕೆ ಸರಿಸಿದರು. "ನಿಲ್ಲೀ...!" ಅಂದರು ನೋಡಿ, ಅದು ದುರ್ಯೋಧನನ ದನಿ! ಟೀ ಅಂಗಡಿಯ ಹತ್ತಿರ ನಿಂತಿದ್ದವರೂ ತಿರುಗಿದರು. ಸಂಭಾಷಣೆ ಅದೇ, ಅದೇ ಹಾಳು ಕಾನೂನು, ಅದೇ ಸುತ್ತುವರಿಯುವುದು. ಆದರೆ ಒಬ್ಬನೂ ನಗಲಿಲ್ಲ. ಹಿಂದಿನಿಂದ ಒಂದು ಸೀಟಿ ಬಂತು, ಆಮೇಲೆ ಹತ್ತು.

ನಾನು ಉಸಿರು ಬಿಟ್ಟೆ. ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಇಲ್ಲ ಸ್ವಾಮಿ! ಚಪ್ಪಾಳೆ ಇಳಿಯುವವರೆಗೂ ಕಾದು, ಮೇಷ್ಟ್ರು ಮೆಲ್ಲಗೆ, ಬೇಕೆಂತಲೇ, ಕತ್ತನ್ನು ಎಡಕ್ಕೆ ಹೊರಳಿಸಿದರು. ಹೊರಳಿಸಿ ನಿಂತರು. ನಿಂತೇ ಇದ್ದರು. ನನ್ನ ಬಸ್ಸಿನ ಡೈಲಾಗು ನನಗೆ ಮರೆತೇ ಹೋಗಿತ್ತು. ಅವರೇ ಕಪ್ಪು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಲೋ ಕೂಸೇ, ಬಸ್ಸು ಯಾವ್ ಕಡೆಯಿಂದ್ಲಾ?" ಅಂದರು. ಜನ ಬಿದ್ದು ಬಿದ್ದು ನಕ್ಕರು. ಚಾಪೆ ಮೇಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಅವರು ನಗುತ್ತಿದ್ದರೋ ಇಲ್ಲವೋ ನನಗೆ ಕಾಣಲಿಲ್ಲ. ಮೀಸೆ ದೊಡ್ಡದಿತ್ತು.

ಊಟ ಆದ ಮೇಲೆ ದುಡ್ಡು ಹಂಚುವಾಗ ಮೇಷ್ಟ್ರು ಜೇಬಿಗೆ ಕೈ ಹಾಕಿ, "ನನ್ನ ಪಾತ್ರಕ್ಕೆ ಎಷ್ಟಪ್ಪ ಕೊಡ್ಬೇಕು?" ಅಂತ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಕಟಿಂಗ್ ಶಾಪಿನವನು ಐದು ನೂರರ ಒಂದು ನೋಟನ್ನು ಅವರ ಕೈಯಲ್ಲಿಟ್ಟ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನಾಲ್ಕು ಮಡಿಕೆ ಮಾಡಿ, ಎಲೆ ಅಡಿಕೆ ಚೀಲದೊಳಗೆ ಮಡಗಿಕೊಂಡರು.

ಕೊನೆಯ ಬಸ್ಸು ಹೋಗಿತ್ತು. ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಬೆನ್ನ ಹಿಂದಿನಿಂದ ಪಾಠವೋ ಪಾಠ. "ಬಸ್ಸು ಬಲಗಡೆಯಿಂದ ಅಂತೀಯಲ್ಲ, 'ಬಲ' ಅನ್ನೋವಾಗ ದನಿ ಎತ್ಬ್ಯಾಡ. ತಗ್ಗಿಸು. ಎಲ್ಲಿ, ಇನ್ನೊಂದ್ಸಲ ಅನ್ನು ನೋಡುವಾ."

ಊರು ಬರುವ ತನಕ ಹನ್ನೆರಡು ಸಲ ಅನ್ನಿಸಿದರು.