ಬಾಗಿಲಿನ ಅಳತೆ

ಮನೆಯಲ್ಲೇ ವಿಮಾನ ಕಟ್ಟಬೇಕೆಂದು ಹೊರಟವರು ಯಾರಾದರೂ ಬಂದು ಕೇಳಿದರೆ ನಾನು ಹೇಳುವ ಮೊದಲ ಮಾತು: ಬಾಗಿಲು ಅಳೆಯಿರಿ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಆ ಪಾಠ ಕಲಿತದ್ದು ನಾನೇ, ಹದಿನಾರನೇ ವಯಸ್ಸಿನಲ್ಲಿ, ಪಂದಲೂರಿನ ಚಹಾ ಕಾರ್ಖಾನೆಯೊಂದರ ಅಟ್ಟದ ಮೇಲೆ.

ನಮ್ಮವರು ಗುಂಡ್ಲುಪೇಟೆ ಕಡೆಯಿಂದ ಬಂದವರು. ಬಂಡೀಪುರದ ಕಾಡು ದಾಟಿ, ಗೂಡಲೂರು, ನಾಡುಗಾಣಿ, ದೇವಾಲ ಹಾದು ಪಂದಲೂರು ಸೇರಿದ ತಾತ ಎಸ್ಟೇಟಿನಲ್ಲಿ ಗಾರೆ ಕೆಲಸ ಮಾಡಿದರು. ಅಪ್ಪ ಅದೇ ಎಸ್ಟೇಟಿನ ಕಾರ್ಖಾನೆಯಲ್ಲಿ ಫಿಟ್ಟರ್ ಆದರು. ಮನೆಯೊಳಗೆ ಕನ್ನಡ, ಲೈನ್ ಮನೆಗಳಲ್ಲಿ ತಮಿಳು, ಪೇಟೆಯಲ್ಲಿ ಮಲಯಾಳ. ಮಳೆಗಾಲ ಹಿಡಿಯಿತೆಂದರೆ ತಿಂಗಳುಗಟ್ಟಲೆ ಬಟ್ಟೆ ಒಣಗದ ಊರು. ಒಣಗುವ ಜಾಗ ಒಂದೇ: ಕಾರ್ಖಾನೆಯ ಮೇಲಂತಸ್ತಿನಲ್ಲಿ ಎಲೆ ಬಾಡಿಸುವ ಟ್ರಫ್‌ಗಳ ಪಕ್ಕ. ಕೆಳಗಿನಿಂದ ಬಿಸಿಗಾಳಿ ಬರುತ್ತಿದ್ದ ಆ ಅಟ್ಟದ ಮೂಲೆಯನ್ನು ಅಪ್ಪ ನನಗೆ ಬಿಟ್ಟುಕೊಟ್ಟಿದ್ದರು.

1978ರಲ್ಲಿ ಹಳೆಯ ಪತ್ರಿಕೆಯೊಂದರಲ್ಲಿ ಗ್ಲೈಡರಿನ ಚಿತ್ರ ಕಂಡು, ಚಹಾ ಪೆಟ್ಟಿಗೆಯ ಪ್ಲೈವುಡ್ಡಿನಲ್ಲಿ ರಿಬ್ಬುಗಳನ್ನು ಕೊಯ್ದು, ಬಿದಿರಿನ ಮೇಲೆ ಅವನ್ನು ಪೋಣಿಸಿ, ಹದಿನೆಂಟು ಅಡಿಯ ಒಂದೇ ರೆಕ್ಕೆ ಕಟ್ಟಿದೆ. ಎಂಟು ತಿಂಗಳು ಹಿಡಿಯಿತು. ಇಳಿಸುವ ದಿನ ನೋಡಿದರೆ ಅಟ್ಟದ ಮೆಟ್ಟಿಲು ನಡುವೆ ತಿರುಗುತ್ತದೆ, ರೆಕ್ಕೆ ತಿರುಗುವುದಿಲ್ಲ. ಅಪ್ಪ ಕೆಳಗೆ ನಿಂತು ನೋಡಿ, "ರೆಕ್ಕೆ ಚೆನ್ನಾಗೈತೆ ಮಗ. ಮೆಟ್ಟಿಲನ್ನ ಒಂದ್ ಮಾತು ಕೇಳಿದ್ಯಾ?" ಅಂದರು. ಗರಗಸ ತಂದು ಎರಡು ತುಂಡು ಮಾಡಿದೆವು. ಅದು ಇಡಿಯಾಗಿ ಇಳಿದಿದ್ದರೆ ಚಹಾ ತೋಟದ ಇಳಿಜಾರಿನಿಂದ ಹಾರಿಯೇ ತೀರುತ್ತಿದ್ದೆ, ಈ ಲೇಖನ ಬರೆಯಲು ಇರುತ್ತಿರಲಿಲ್ಲ.

ನಾನು ಮುಖ ಸಣ್ಣ ಮಾಡಿ ಕೂತಾಗ ಅಪ್ಪ ಸಮಾಧಾನಕ್ಕೆ ಹೇಳಿದ್ದು ನಮ್ಮೂರಿನ ಚಿನ್ನದ ಕಥೆ. 1880ರ ಆಸುಪಾಸಿನಲ್ಲಿ ದೇವಾಲ, ಪಂದಲೂರಿನ ಬೆಟ್ಟಗಳಲ್ಲಿ ಬಂಗಾರವಿದೆಯೆಂದು ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿ ಷೇರು ಮಾರಿದವು. ಕಲ್ಲು ಕುಟ್ಟುವ ಯಂತ್ರಗಳನ್ನು ಘಟ್ಟ ಹತ್ತಿಸಿ ತಂದರು. ಕಲ್ಲಿನಲ್ಲಿ ಖರ್ಚಿಗೆ ಸಾಲುವಷ್ಟು ಚಿನ್ನ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲ ಮುಳುಗಿತು. "ಅಷ್ಟು ದೊಡ್ಡೋರೇ ಅಳೀದೆ ತಂದ್ರು. ನೀನು ಕಳ್ಕೊಂಡಿದ್ದು ನಾಕು ಚಾ ಪೆಟ್ಟಿಗೆ."

1981ರಲ್ಲಿ ಬೆಂಗಳೂರಿಗೆ ಹೋದೆ. ಜಕ್ಕೂರು ವಿಮಾನ ಮೈದಾನದ ಆಚೆ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಆಗ ಆ ಸುತ್ತಲೆಲ್ಲ ರಾಗಿ ಹೊಲ, ದ್ರಾಕ್ಷಿ ತೋಟ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರುತ್ತಿದ್ದದ್ದು ಎಚ್‌ಎಎಲ್‌ನ ಪುಷ್ಪಕ್, 1958ರಲ್ಲಿ ಮೊದಲು ಹಾರಿದ ಎರಡು ಸೀಟಿನ ವಿಮಾನ. ಉಕ್ಕಿನ ಕೊಳವೆಯ ಚೌಕಟ್ಟು, ಅದರ ಮೇಲೆ ಬಟ್ಟೆ. ನಮ್ಮ ಕೆಲಸ ಆ ಬಟ್ಟೆಯದ್ದೇ. ಹಳತನ್ನು ಸುಲಿದು, ಹೊಸ ಹತ್ತಿ ಬಟ್ಟೆ ಹೊದಿಸಿ, ಮೇಣ ಹಚ್ಚಿದ ದಾರದಿಂದ ಒಂದೊಂದು ರಿಬ್ಬಿಗೂ ಹೊಲಿದು, ಮೇಲೆ ಡೋಪ್ ಎಂಬ ವಾರ್ನಿಷ್ ಬಳಿಯುವುದು. ಡೋಪ್ ಒಣಗುತ್ತಾ ಬಟ್ಟೆಯನ್ನು ಎಳೆದು ಬಿಗಿ ಮಾಡುತ್ತದೆ. ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು ಬರಬೇಕು. ಎಚ್‌ಎಎಲ್‌ನಿಂದ ನಿವೃತ್ತರಾಗಿ ಬಂದಿದ್ದ ಹಿರಿಯರೊಬ್ಬರು ಅದನ್ನು ಕಲಿಸಿದರು. ಮೇಷ್ಟ್ರೇ ಎನ್ನುತ್ತಿದ್ದೆವು. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಬಳಿದರೆ ಡೋಪ್ ಬಿಳಿಚಿಕೊಳ್ಳುತ್ತದೆ, ಬಲವೂ ಹೋಗುತ್ತದೆ. ಮೋಡ ಕವಿದ ದಿನ ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆಯಲೂ ಬಿಡುತ್ತಿರಲಿಲ್ಲ. ಪಂದಲೂರಿನಲ್ಲಿ ವರ್ಷದಲ್ಲಿ ಎಷ್ಟು ದಿನ ಬಣ್ಣ ಬಳಿಯಬಹುದಿತ್ತೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಆ ಕಾಲದಲ್ಲಿ ವಿಮಾನ ಕಟ್ಟುವುದೆಂದರೆ ನಕ್ಷೆ ತರಿಸಿಕೊಂಡು ಉಳಿದದ್ದನ್ನೆಲ್ಲ ನಾವೇ ಮಾಡಿಕೊಳ್ಳುವುದು. ರೆಕ್ಕೆ ನೇರವಿದೆಯೇ ಎಂದು ನೋಡಲು ತಾತ ಗೋಡೆ ಕಟ್ಟುವಾಗ ಹಿಡಿಯುತ್ತಿದ್ದ ಸಾಮಾನೇ ಸಾಕಿತ್ತು: ರಸಮಟ್ಟ, ತೂಗುಗುಂಡು, ಬಿಗಿದು ಕಟ್ಟಿದ ದಾರ. ಕೈ ನುರಿತಿರಬೇಕಿತ್ತು, ಅಷ್ಟೆ.

ಮೊದಲ ಬದಲಾವಣೆ ಬೆಂಗಳೂರಿನಲ್ಲೇ ಕಣ್ಣೆದುರು ಆಯಿತು. ಫ್ರಾನ್ಸಿನಿಂದ ಬಂದು ಇಲ್ಲಿ ನೆಲೆಸಿದ ಜೋಯೆಲ್ ಕೋಕ್ಲಿನ್ ಅವರ ರಾಜ್ ಹಂಸ ಕಂಪನಿ ಹ್ಯಾಂಗ್ ಗ್ಲೈಡರ್‌ಗಳಿಂದ ಶುರುಮಾಡಿ ಮುಂದೆ ಎಕ್ಸ್-ಏರ್ ಎಂಬ ಮೈಕ್ರೋಲೈಟ್ ಮಾಡಿತು. ಅಲ್ಯೂಮಿನಿಯಂ ಕೊಳವೆಗಳ ಅಸ್ಥಿಪಂಜರ, ದಿಂಬಿಗೆ ಗವುಸು ತೊಡಿಸಿದಂತೆ ರೆಕ್ಕೆಗೆ ಎಳೆದು ತೊಡಿಸುವ ಡೇಕ್ರಾನ್ ಬಟ್ಟೆ, ಎರಡು ಸ್ಟ್ರೋಕಿನ ರೋಟಾಕ್ಸ್ ಎಂಜಿನ್. ಡೋಪ್ ಇಲ್ಲ, ದಾರವಿಲ್ಲ, ಮೋಡ ನೋಡಿ ಕೂರುವುದಿಲ್ಲ. ಅದಕ್ಕಿಂತ ಸೋಜಿಗದ ಸಂಗತಿ ಬೇರೆ: ಬೆಂಗಳೂರಿನಲ್ಲಿ ತಯಾರಾದ ಈ ಕಿಟ್‌ಗಳು ಪೆಟ್ಟಿಗೆ ಸೇರಿ ಯುರೋಪಿಗೆ ಹೋಗಿ ಅಲ್ಲಿನ ಮನೆಗಳ ಗ್ಯಾರೇಜುಗಳಲ್ಲಿ ವಿಮಾನವಾಗುತ್ತಿದ್ದವು. ನಮ್ಮಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರು ಬೆರಳೆಣಿಕೆಯಷ್ಟೂ ಇರಲಿಲ್ಲ.

ಡೇಕ್ರಾನಿನ ಶತ್ರು ಮಳೆಯಲ್ಲ, ಬಿಸಿಲು. ನೋಡಲು ಹೊಸದರಂತೆ ಇರುತ್ತದೆ, ಒಳಗೆ ಹಪ್ಪಳವಾಗಿರುತ್ತದೆ. ಅದನ್ನು ಪರೀಕ್ಷಿಸಲು ಬೆಟ್ಸೋಮೀಟರ್ ಎಂಬ ಸಣ್ಣ ಸಾಧನವಿದೆ: ಬಟ್ಟೆಗೆ ಸೂಜಿ ಚುಚ್ಚಿ ಸ್ಪ್ರಿಂಗ್ ತಕ್ಕಡಿಯಂತೆ ಎಳೆದು ನೋಡುವುದು. ಎಳೆತಕ್ಕೆ ಹರಿದರೆ ಆ ರೆಕ್ಕೆಯ ಆಯುಸ್ಸು ಮುಗಿಯಿತು. ಹಳೆಯ ವಿಮಾನ ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಸೂಜಿಯನ್ನು ನೋಡಬೇಕು.

ಎರಡನೆಯ ಬದಲಾವಣೆ ರಾಳದ್ದು. ಅಮೆರಿಕದ ಬರ್ಟ್ ರುಟಾನ್ ಎಪ್ಪತ್ತರ ದಶಕದಲ್ಲಿ ಹೊಸ ದಾರಿ ತೋರಿಸಿದ್ದರು: ಥರ್ಮೋಕೋಲಿನಂಥ ಫೋಮನ್ನು ಕಾದ ತಂತಿಯಲ್ಲಿ ರೆಕ್ಕೆಯ ಆಕಾರಕ್ಕೆ ಕೊಯ್ದು, ಮೇಲೆ ಗಾಜಿನೆಳೆಯ ಬಟ್ಟೆ ಹಾಸಿ ಇಪಾಕ್ಸಿ ಕುಡಿಸುವುದು. ಬೆಂಗಳೂರಿನ ಎನ್‌ಎಎಲ್ ಎಂಬತ್ತರ ದಶಕದಲ್ಲಿ ಅವರ ಲಾಂಗ್-ಈಝಿ ಮಾದರಿಯನ್ನೇ ಹಿಡಿದು ಒಂದು ವಿಮಾನ ಕಟ್ಟಿ ಹಾರಿಸಿತು. ಆ ಕೈಪಳಗಿನ ಮೇಲೆ ಎನ್‌ಎಎಲ್ ರೂಪಿಸಿದ ಹಂಸ ವಿಮಾನ 1993ರಲ್ಲಿ ಮೊದಲು ಹಾರಿತು. ಆ ಗಾಳಿ ನಮ್ಮ ಶೆಡ್ಡಿಗೂ ಬೀಸಿತು. ಒಂದು ಆಷಾಢದ ಮಧ್ಯಾಹ್ನ ನಾನು ರಾಳಕ್ಕೆ ಹಾರ್ಡನರನ್ನು ತೂಗದೆ ಕಣ್ಣಂದಾಜಿನಲ್ಲಿ ಬೆರೆಸಿದೆ. ಮೂರು ದಿನವಾದರೂ ರೆಕ್ಕೆಯಂಚಿನ ಏಲರಾನ್ ಕೈಗೆ ಅಂಟುತ್ತಿತ್ತು. ಮೂರು ವಾರದ ಕೆಲಸ ತಿಪ್ಪೆ ಸೇರಿತು. ಮೇಷ್ಟ್ರು ಬೈಯಲಿಲ್ಲ. ಅವತ್ತಿನಿಂದ ಪ್ರತಿ ಸಲ ಬೆರೆಸಿದ ರಾಳದಲ್ಲಿ ಲೋಟದ ತಳಕ್ಕೆ ಉಳಿದದ್ದನ್ನು ತಾರೀಖು ಬರೆದು ಕಪಾಟಿನಲ್ಲಿಡುವ ನಿಯಮ ಮಾಡಿದರು. ಮಾರನೇ ದಿನ ಉಗುರಿನಿಂದ ಒತ್ತಿ ನೋಡುವುದು. ಲೋಟದಲ್ಲಿರುವುದು ಗಟ್ಟಿಯಾಗಿಲ್ಲದಿದ್ದರೆ ರೆಕ್ಕೆಯಲ್ಲಿರುವುದೂ ಆಗಿಲ್ಲ.

ಮೂರನೆಯದು ತೂತಿನದ್ದು, ಅದೇ ಎಲ್ಲಕ್ಕಿಂತ ದೊಡ್ಡದು. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳ ಕಿಟ್ ಮೊದಲು ಬರುತ್ತಿದ್ದಾಗ ತಗಡನ್ನು ಜಿಗ್ಗಿನಲ್ಲಿ ಕೂರಿಸಿ ಅಳೆದು ತೂತು ಕೊರೆಯಬೇಕಿತ್ತು. ಆಮೇಲೆ ಕಂಪ್ಯೂಟರ್ ಯಂತ್ರಗಳು ಕಾರ್ಖಾನೆಯಲ್ಲೇ ತೂತು ಹೊಡೆದು ಕಳಿಸತೊಡಗಿದವು. ಎರಡು ತಗಡಿನ ತೂತುಗಳು ಒಂದರ ಮೇಲೊಂದು ಕೂತರೆ ರೆಕ್ಕೆ ತಾನಾಗಿಯೇ ನೇರ. ರಸಮಟ್ಟ, ತೂಗುಗುಂಡು ಗೋಡೆಯ ಮೊಳೆಗೆ ಹೋದವು. ಆರ್‌ವಿ ಮಾದರಿಗಳಲ್ಲಿ ಈಗ ಹತ್ತು ಸಾವಿರಕ್ಕೂ ಮಿಕ್ಕಿ ಹಾರಿವೆ. ಬಹುಪಾಲು ಕಟ್ಟಿದವರು ಡಾಕ್ಟರು, ಲೆಕ್ಕಿಗರು, ಮೇಷ್ಟ್ರುಗಳು. ನುರಿತ ಕೈ ಕಾರ್ಖಾನೆಗೆ ಹೋಯಿತು. ಹೊಣೆ ಮಾತ್ರ ಮನೆಯಲ್ಲೇ ಉಳಿಯಿತು. ತೂತಿನ ಅಂಚಿನ ಸಿಬಿರು ತೆಗೆಯದೆ ಬಿಟ್ಟರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಅದನ್ನು ತೆಗೆದಿದೆಯೇ ಎಂದು ಯಾವ ಯಂತ್ರವೂ ಬಂದು ನೋಡುವುದಿಲ್ಲ.

ಕೆಲಸ ಬಿಟ್ಟು ಪಂದಲೂರಿಗೆ ಮರಳಿ ಕೆಲವು ವರ್ಷಗಳಾದವು. ಚಹಾ ಪೆಟ್ಟಿಗೆಗಳ ಕಾಲ ಮುಗಿದು ಈಗೆಲ್ಲ ಕಾಗದದ ಚೀಲ. ಹುಡುಗರು ಮೊಬೈಲಿನಲ್ಲಿ ವಿಮಾನದ ವಿಡಿಯೋ ಹಿಡಿದು ಬರುತ್ತಾರೆ. ಲಾಕ್‌ಡೌನಿನಲ್ಲಿ ಇಂಗ್ಲೆಂಡಿನ ತನ್ನ ಮನೆಯಂಗಳದಲ್ಲಿ ನಾಲ್ಕು ಸೀಟಿನ ಸ್ಲಿಂಗ್ ಕಿಟ್ ಕಟ್ಟಿದ ಕೇರಳ ಮೂಲದ ಎಂಜಿನಿಯರನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಆ ಹುಡುಗರಿಗೆ ನಾನು ಮುಂಬೈಯ ಕ್ಯಾಪ್ಟನ್ ಅಮೋಲ್ ಯಾದವ್ ಅವರ ಕಥೆಯನ್ನೂ ಹೇಳುತ್ತೇನೆ. ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಅವರಿಗೆ ಅದನ್ನು ಕಟ್ಟಿದ್ದಕ್ಕಿಂತ ನೋಂದಣಿ ಮಾಡಿಸಿದ್ದೇ ದೊಡ್ಡ ಕೆಲಸವಾಯಿತು. 2011ರಲ್ಲಿ ಅರ್ಜಿ ಹಾಕಿದ್ದಕ್ಕೆ 2017ರಲ್ಲಿ ನೋಂದಣಿ ಸಿಕ್ಕಿತು. ಆದ್ದರಿಂದ ವಿಮಾನಯಾನ ನಿಯಂತ್ರಕ ಡಿಜಿಸಿಎಗೆ ಮೊದಲು ಬರೆಯಿರಿ, ಕಿಟ್‌ಗೆ ದುಡ್ಡು ಆಮೇಲೆ ಕಟ್ಟಿರಿ. ಹಾರುವುದೆಲ್ಲಿಂದ ಎಂಬುದನ್ನೂ ಆಗಲೇ ಗೊತ್ತು ಮಾಡಿಕೊಳ್ಳಿ. ನಮ್ಮೂರಿನಲ್ಲಿ ಕಬಡ್ಡಿ ಆಡುವಷ್ಟು ಸಮತಟ್ಟು ನೆಲ ಸಿಕ್ಕರೆ ಹೆಚ್ಚು.

ಉಳಿದ ಮಾತುಗಳು ಇಷ್ಟೇ. ಪೆಟ್ಟಿಗೆ ಬಂದ ವಾರದಲ್ಲೇ ಪಟ್ಟಿ ಹಿಡಿದು ಪ್ರತಿ ಸಾಮಾನನ್ನೂ ಎಣಿಸಿ. ಎರಡು ವರ್ಷ ಕಳೆದು ಕೊರತೆ ಹೇಳಿದರೆ ಯಾರೂ ಕೇಳುವುದಿಲ್ಲ. ಎಂಜಿನನ್ನು ಕೊನೆಗೆ ತರಿಸಿ, ಇಲ್ಲದಿದ್ದರೆ ಅದರ ಗ್ಯಾರಂಟಿ ನಿಮ್ಮ ಶೆಡ್ಡಿನಲ್ಲೇ ಮುಗಿಯುತ್ತದೆ. ಒಂದು ಬೋಲ್ಟ್ ಕಳೆದುಹೋದರೆ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಬೇಡಿ. ದಪ್ಪ ಒಂದೇ ಇದ್ದರೂ ಉಕ್ಕು ಒಂದೇ ಅಲ್ಲ. ಟಾರ್ಕ್ ರೆಂಚಿನಿಂದ ಬಿಗಿದ ಪ್ರತಿ ನಟ್ಟಿಗೂ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ಅಲುಗಿದೆ ಎಂದರ್ಥ. ನಿಮ್ಮ ಕೆಲಸವನ್ನು ನೀವೇ ಪರೀಕ್ಷಿಸಬೇಡಿ, ಬೇರೆಯವರನ್ನು ಕರೆಯಿರಿ. ತೋಟದ ನಡುವೆ ಶೆಡ್ ಹಾಕುವವರು ಅಕ್ಕಿ, ಹಲಸು ಅದರೊಳಗೆ ಇಡದಿರಿ. ವಾಸನೆ ಹಿಡಿದು ಬಂದ ಆನೆಗೆ ತಗಡಿನ ಗೋಡೆ ಲೆಕ್ಕಕ್ಕಿಲ್ಲ.

ಲೋಹದ ಕಿಟ್ ಒಂದಕ್ಕೆ ಒಂದೂವರೆಯಿಂದ ಎರಡು ಸಾವಿರ ಗಂಟೆ ಕೆಲಸ ಹಿಡಿಯುತ್ತದೆ. ದಿನಕ್ಕೆ ಎರಡು ಗಂಟೆ ಕೂತರೆ ಎರಡರಿಂದ ಮೂರು ವರ್ಷ, ಒಂದು ದಿನವೂ ತಪ್ಪಿಸದೆ. ಎಷ್ಟೋ ಕಿಟ್‌ಗಳು ಅರ್ಧಕ್ಕೇ ನಿಲ್ಲುವುದು ಕೈ ಬಾರದೆ ಅಲ್ಲ, ದಿನ ಬಾರದೆ. ಹೀಗಾಗಿ ಇಡೀ ವಿಮಾನವನ್ನು ಒಮ್ಮೆಗೇ ಕೊಳ್ಳಬೇಡಿ. ಬಾಲದ ಕಿಟ್ ಒಂದನ್ನೇ ಮಾರುವವರಿದ್ದಾರೆ. ಅದನ್ನು ತರಿಸಿ, ಕಟ್ಟಿ ಮುಗಿಸಿ. ಮುಗಿದ ಮೇಲೂ ಸಂಜೆ ಶೆಡ್ಡಿಗೆ ಹೋಗಬೇಕೆನಿಸಿದರೆ ರೆಕ್ಕೆಗೆ ದುಡ್ಡು ಕಟ್ಟಿ. ಅನಿಸದಿದ್ದರೆ ನೀವು ಕಳೆದುಕೊಂಡದ್ದು ಒಂದು ಬಾಲ ಮಾತ್ರ.