ಫಿರ್‌ಔನನ ಊರಿನ ಕೂಲಿಕಾರರು

ಫಿರ್‌ಔನನ ಹೆಸರನ್ನು ಮದ್ರಸದ ಪುಟ್ಟ ಮಗುವೂ ಬಲ್ಲದು. ಪಿರಮಿಡ್‌ನ ಚಿತ್ರ ನೋಡದವರಿಲ್ಲ. ಆದರೆ ಆ ದೇಶದಲ್ಲಿ ಕಲ್ಲು ಕಡಿದವರು, ರೊಟ್ಟಿ ಸುಟ್ಟವರು ಯಾರು? ನಾನು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದ ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಿವೃತ್ತಿಯ ನಂತರ ಪುಸ್ತಕಗಳಲ್ಲಿ ಅದನ್ನೇ ಹುಡುಕುತ್ತಾ ಹೋದೆ.

ಹುಡುಕಾಟ ದೇರ್ ಅಲ್ ಮದೀನಾ ಎಂಬ ಹಳ್ಳಿಗೆ ಬಂದು ನಿಂತಿತು. ನೈಲ್ ನದಿಯ ಪಶ್ಚಿಮಕ್ಕೆ, ಈಗಿನ ಲಕ್ಸರ್‌ನ ಎದುರು ದಂಡೆಯಲ್ಲಿದ್ದ ಈ ಹಳ್ಳಿಯವರೇ ರಾಜರ ಕಣಿವೆಯ ಗೋರಿಗಳನ್ನು ಕೊರೆದವರು. 1922ರಿಂದ 1951ರವರೆಗೆ ಫ್ರೆಂಚ್ ವಿದ್ವಾಂಸ ಬರ್ನಾರ್ ಬ್ರುಯೇರ್ ಅಲ್ಲಿ ಉತ್ಖನನ ನಡೆಸಿದರು. ಕಲ್ಲಿನ ಚಕ್ಕೆ, ಮಡಕೆ ಚೂರುಗಳ ಮೇಲೆ ಬರೆದ ಸಾವಿರಾರು ಬರಹಗಳು ಸಿಕ್ಕವು. ಸಾಲದ ಲೆಕ್ಕ, ಜಗಳ, ಪತ್ರ, ಎಲ್ಲವೂ ಅದರಲ್ಲಿವೆ.

ನಾನು ಇದನ್ನು ಹೇಳತೊಡಗಿದ್ದು ನಮ್ಮೂರಿನ ಒಂದು ಜಗಲಿಯಲ್ಲಿ. ಬೀಡಿ ಕಟ್ಟುವ ಹೆಂಗಸರಿಗೆ ಅಕ್ಷರ ಕಲಿಸಲೆಂದು ಹೋದವನು ನಾನು. ಅವರ ಕೈಗೆ ಬಿಡುವಿರಲಿಲ್ಲ, ಕಿವಿಗೆ ಬಿಡುವಿತ್ತು. ಹಾಗಾಗಿ ಮೊದಲು ಕಥೆ ಬಂತು.

ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ ಒಂದು ಹಾಜರಿ ಪಟ್ಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರಜೆಗೆ ಕಾರಣ: ಒಬ್ಬನಿಗೆ ಚೇಳು ಕಚ್ಚಿದೆ, ಇನ್ನೊಬ್ಬನಿಗೆ ಕಣ್ಣು ನೋವು. ಜಗಲಿ ನಕ್ಕಿತು.

ಮುಷ್ಕರದ ವಿಷಯ ಬಂದಾಗ ಯಾರೂ ನಗಲಿಲ್ಲ. ಮೂರನೇ ರಾಮ್ಸೆಸ್‌ನ 29ನೇ ವರ್ಷ, ಕ್ರಿ.ಪೂ. 1150ರ ದಶಕ. ಕೂಲಿಯಾಗಿ ಬರಬೇಕಾದ ಧಾನ್ಯ ಬರಲಿಲ್ಲ. ಕೆಲಸಗಾರರು ಉಪಕರಣ ಕೆಳಗಿಟ್ಟು ಹೋಗಿ ದೇವಾಲಯದ ಹಿಂದೆ ಕುಳಿತರು.

"ಮಾಸ್ಟ್ರೇ, ಅವರು ಎದ್ದದ್ದು ಮಾತು ಸಿಕ್ಕಿದ ಮೇಲೋ, ಧಾನ್ಯ ಸಿಕ್ಕಿದ ಮೇಲೋ?" ಹಿರಿಯ ಹೆಂಗಸೊಬ್ಬರು ಕೇಳಿದರು.

ಬರೀ ಮಾತಿಗೆ ಅವರು ಮಣಿಯಲಿಲ್ಲ. ಹಿಂದಿನ ತಿಂಗಳ ಬಾಕಿ ಸಿಕ್ಕಿತು. ಈ ತಿಂಗಳದ್ದೂ ಬೇಕೆಂದು ಮತ್ತೆ ಹಟ ಹಿಡಿದರು. ಮುಂದೆಯೂ ಧಾನ್ಯ ತಡವಾಗುವುದು ನಿಲ್ಲಲಿಲ್ಲ. ಇಷ್ಟನ್ನೂ ನಾನು ಹೇಳಿದೆ. ಪರಿಚಿತವಾದ ಮಾತು ಕೇಳಿದವರಂತೆ ಆಕೆ ತಲೆಯಾಡಿಸಿದರು.

ಅದೇ ಹಳ್ಳಿಯ ನೌನಖ್ತೆ ಎಂಬ ತಾಯಿಯ ಕಥೆಯನ್ನೂ ಹೇಳಿದೆ. ಎಂಟು ಮಕ್ಕಳನ್ನು ಸಾಕಿದಾಕೆ. ಮುಪ್ಪಿನಲ್ಲಿ ತನ್ನನ್ನು ನೋಡಿಕೊಳ್ಳದವರಿಗೆ ತನ್ನ ಆಸ್ತಿಯಿಲ್ಲ ಎಂದು ಸಾಕ್ಷಿಗಳ ಮುಂದೆ ಬರೆಸಿದಳು. ಆ ಸಂಜೆ ಬಹಳ ಹೊತ್ತು ಕತ್ತರಿಯ ಸದ್ದು ಮಾತ್ರ ಕೇಳುತ್ತಿತ್ತು.

"ಅಳಿದುಹೋದ ವಿಗ್ರಹಾರಾಧಕರ ಚರಿತ್ರೆ ನಮ್ಮ ಹೆಂಗಸರಿಗೇಕೆ?" ಎಂದು ಗೆಳೆಯರೊಬ್ಬರು ಕೇಳಿದ್ದುಂಟು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿಯನ್ನು ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಕ್ರಿ.ಶ. 1200ರ ಹೊತ್ತಿಗೆ ಈಜಿಪ್ಟಿನಲ್ಲಿದ್ದ ವೈದ್ಯ ಅಬ್ದುಲ್ಲತೀಫ್ ಅಲ್ ಬಗ್ದಾದಿ ಸ್ಫಿಂಕ್ಸ್‌ನ ಮುಖದ ಅಂದಕ್ಕೆ ಬೆರಗಾಗಿದ್ದರು. ಆ ಸ್ಮಾರಕಗಳನ್ನು ಒಡೆಯುವವರ ಬಗ್ಗೆ ಮರುಗಿದ್ದರು. ಅವರ ಈಮಾನಿಗೆ ಅದರಿಂದ ಕುಂದು ಬರಲಿಲ್ಲ.

ಗೋರಿ ಕೊರೆದವರ ಹಸಿವು ನಮಗೆ ತಿಳಿದದ್ದು ಅವರ ನಡುವೆಯೇ ಇದ್ದವರು ಅದನ್ನು ಬರೆದಿಟ್ಟದ್ದರಿಂದ. ಜಗಲಿಯ ಹೆಂಗಸರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಈಗ ಅವರ ಬಳಿ ಒಂದು ನೋಟ್‌ಬುಕ್ಕಿದೆ. ಸಿಕ್ಕಿದ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಕೊಟ್ಟ ಬೀಡಿ ಎಷ್ಟು, ವಾಪಸು ಬಂದದ್ದೆಷ್ಟು ಎಂದು ವಕ್ರ ಅಕ್ಷರಗಳಲ್ಲಿ ತಾವೇ ಬರೆಯುತ್ತಾರೆ.